ಫ್ಯಾನಿನ ಬಾಯಿಗೆ ಬೀಗ

ನಾನು ಡ್ರಿಲ್ ಮೇಷ್ಟ್ರು. ಮೈದಾನದಲ್ಲಿ ಇಡೀ ಶಾಲೆ ಸಂತೆಯ ಹಾಗೆ ಗದ್ದಲ ಮಾಡುತ್ತಿರುವಾಗ ನಾನು ಹುಬ್ಬು ಗಂಟಿಕ್ಕಿ ನಿಂತರೆ ಸಾಕು, ತಂತಿಯ ಮೇಲಿನ ಗುಬ್ಬಚ್ಚಿಗಳೂ ಸಾಲು ಸರಿಮಾಡಿಕೊಳ್ಳುತ್ತವೆ! ಸದ್ದಡಗಿಸುವುದೇ ನನ್ನ ವೃತ್ತಿ, ಅದೇ ನನ್ನ ಹೆಮ್ಮೆ. ಇಂಥ ನಾನು ಕಂಪ್ಯೂಟರಿನೊಳಗಿನ ಅಂಗೈಯಗಲದ ಒಂದು ಫ್ಯಾನಿನ ಬಾಯಿ ಮುಚ್ಚಿಸಲಾರೆನೇ?

"ಸಂಜೆಯೊಳಗೆ ಅದರ ಬಾಯಿ ಮುಚ್ಚಿಸದಿದ್ರೆ ನನ್ನ ಹೆಸರೇ ಬದಲಾಯಿಸ್ತೀನಿ!" ಎಂದು ಹೆಂಡತಿಯ ಮುಂದೆ ಎದೆ ತಟ್ಟಿ ಹೇಳಿದೆ.

"ಹೆಸರು ಆಮೇಲೆ ಬದಲಾಯಿಸಿ. ಮೊದಲು ಆ ಬೆವರಿನ ಬನಿಯನ್ ಬದಲಾಯಿಸಿ" ಎಂದಳು.

ಸಂಗತಿ ಇಷ್ಟು. ನನ್ನ ಹೆಂಡತಿಯದು ಬಲು ಒಳ್ಳೆಯ ಕಂಠ. ನಮ್ಮ ಜೊತೆಯಲ್ಲೇ ಇರುವ ಅವಳ ಅಮ್ಮನಿಗೆ, ಅಂದರೆ ನಮ್ಮ ಅತ್ತೆಗೆ, ಕಿವಿ ಮಂದ. ಅವರಿಗೆ ದಿನವೂ ಪತ್ರಿಕೆ, ಕಥೆ, ಕಾದಂಬರಿ ಎಂದು ಓದಿ ಹೇಳಿ ಹೇಳಿ ಇವಳ ಉಚ್ಚಾರಣೆ ಸಾಣೆ ಹಿಡಿದ ಹಾಗಾಗಿತ್ತು. ಕೇಳುಪುಸ್ತಕ ಮಾಡುವ ಸಂಸ್ಥೆಯೊಂದು ಓದುವವರನ್ನು ಹುಡುಕುತ್ತಿದೆ ಎಂದು ತಿಳಿದು, ಒಂದು ಕಥೆಯನ್ನು ಮನೆಯ ಕಂಪ್ಯೂಟರಿನಲ್ಲೇ ರೆಕಾರ್ಡ್ ಮಾಡಿ ಕಳಿಸಿದ್ದಳು. ಅವತ್ತು ಬೆಳಿಗ್ಗೆ ಅಲ್ಲಿನ ಧ್ವನಿ ಪರೀಕ್ಷಕರ ಫೋನ್ ಬಂತು.

"ಮೇಡಂ, ನಿಮ್ಮ ಧ್ವನಿ ಜೇನು. ಆದ್ರೆ ಜೇನಿನ ಜೊತೆ ನೊಣಾನೂ ಬಂದಿದೆ! ಹಿಂದೆ ಏನೋ ಒಂದೇ ಸಮನೆ ಗುಂಯ್‌ಗುಡ್ತಿದೆ. ಸಂಜೆಯೊಳಗೆ ಇನ್ನೊಂದ್ಸಲ ಓದಿ ಕಳಿಸಿ. ನಾಳೆ ಆಯ್ಕೆ ಮುಗಿದುಹೋಗುತ್ತೆ."

ಫೋನ್ ಇಟ್ಟಾಗ ಅವಳ ಮುಖ ಬಾಡಿತ್ತು. ಸಂಸಾರದ ಗಡಿಬಿಡಿಯಲ್ಲಿ ತನಗಾಗಿ ಅವಳು ಆಸೆಪಟ್ಟದ್ದು ಇದೊಂದನ್ನೇ. ನನ್ನ ರೋಷವೆಲ್ಲ ಮೇಜಿನ ಮೇಲಿದ್ದ ಕಂಪ್ಯೂಟರಿನ ಕಡೆಗೆ ತಿರುಗಿತು. ಊಟದ ಡಬ್ಬಿಯಷ್ಟೇ ಇರುವ ಪುಟ್ಟ ಪ್ರಾಣಿ! ಆದರೆ ಒಳಗಿನ ಫ್ಯಾನು ಭುರ್ರ್ ಎಂದು ಏರುತ್ತದೆ, ಸುಸ್ತಾಗಿ ಇಳಿಯುತ್ತದೆ, ಏನೋ ನೆನಪಾದಂತೆ ಮತ್ತೆ ಭುರ್ರ್ ಎನ್ನುತ್ತದೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಸುಮ್ಮನೆ ಹೇಳಿದರೇ?

ಅಳುವ ಮಗುವಿಗೆ ಬೆಚ್ಚಗೆ ಹೊದಿಸಿದರೆ ಮಲಗುವುದಿಲ್ಲವೇ? ಬೀರುವಿನಿಂದ ದಪ್ಪ ಕಂಬಳಿ ತೆಗೆದು ಕಂಪ್ಯೂಟರಿಗೆ ಸುತ್ತಿದೆ. ಸದ್ದು ಸತ್ತೇಹೋಯಿತು! ಬಾಗಿಲ ಬಳಿ ಕುರ್ಚಿಯಲ್ಲಿದ್ದ ಅತ್ತೆಯನ್ನೇ ಸಾಕ್ಷಿಗೆ ಕರೆದೆ.

"ಅತ್ತೆ, ಏನಾದ್ರೂ ಸದ್ದು ಕೇಳಿಸ್ತಿದೆಯಾ?"

"ಆಂ?"

"ಸದ್ದು! ಸದ್ದು!"

"ಇಲ್ವಲ್ಲಪ್ಪ. ಒಂದಿಷ್ಟೂ ಇಲ್ಲ."

"ನೋಡಿದ್ಯಾ?" ಎಂದು ಹೆಂಡತಿಯತ್ತ ತಿರುಗಿದೆ.

"ಅಮ್ಮಂಗೆ ಕುಕ್ಕರ್ ಸೀಟಿನೇ ಕೇಳ್ಸಲ್ಲ. ಒಳ್ಳೇ ಸಾಕ್ಷಿ ಹಿಡ್ಕೊಂಡು ಬಂದ್ರಿ!"

ಆದರೂ ಓದತೊಡಗಿದಳು. ಆಹಾ, ಏನು ಓದು! ಕಥೆ ತಾರಕಕ್ಕೇರಿತು. "ಇಷ್ಟು ಹೊತ್ತೂ ಸುಮ್ಮನಿದ್ದ ಮುದುಕ ಎದ್ದು ನಿಂತು, ಎಲ್ಲರನ್ನೂ ಒಮ್ಮೆ ನೋಡಿ…" ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

"ಅಯ್ಯೋ, ಮುದುಕ ಏನ್ ಮಾಡಿದ?" ಎಂದೆ.

"ಮುದುಕಂಗೇನಾಗಿಲ್ಲ. ನಿಮ್ಮ ಮಗು ಸೆಖೆಗೆ ಮೂರ್ಛೆ ಹೋಯ್ತು!"

ಕಂಬಳಿಯೊಳಗೆ ಕೈ ಹಾಕಿದೆ. ಹಾ! ಒಂದು ಶರ್ಟು ಇಸ್ತ್ರಿ ಮಾಡಬಹುದಿತ್ತು. ಕಂಬಳಿ ಬೀರುವಿಗೆ ಹೋಯಿತು, ನಾನು ಸ್ನಾನದ ಮನೆಗೆ ಹೋಗಿ ನಲ್ಲಿಯ ಕೆಳಗೆ ಬೆರಳು ಹಿಡಿದುಕೊಂಡು ನಿಂತೆ. ಆದರೆ ಸೋಲೊಪ್ಪಿದರೆ ನಾನೆಂಥ ಡ್ರಿಲ್ ಮೇಷ್ಟ್ರು!

ಫ್ಯಾನಿನ ವೇಗವನ್ನು ಹಿಡಿತದಲ್ಲಿಡುವ ತಂತ್ರಾಂಶವೊಂದು ಇದೆಯಂತೆ. ಕಂಪ್ಯೂಟರ್ ತಣ್ಣಗಾದ ಮೇಲೆ ಅದನ್ನು ಇಳಿಸಿಕೊಂಡೆ. ಪರದೆಯ ಮೇಲೆ ಒಂದು ಗೆರೆ, ಗೆರೆಯ ಮೇಲೆ ಒಂದು ಗುಂಡಿ. ಹಿಡಿತ ಎಂದಮೇಲೆ ಅರ್ಧಂಬರ್ಧ ಏಕೆ? ಗುಂಡಿಯನ್ನು ಕೊನೆಯವರೆಗೂ ಎಳೆದೆ. ನಾನು ಎಳೆದದ್ದು ಹಿಡಿತವನ್ನಲ್ಲ, ವೇಗವನ್ನು! ಪುಟ್ಟ ಪ್ರಾಣಿ ಘೀಳಿಟ್ಟಿತು. ಹೆಂಡತಿಯ ಮುಂದಿದ್ದ ಕಥೆಯ ಹಾಳೆ ಹಾರಿ ಮಂಚದ ಕೆಳಗೆ ಸೇರಿತು.

"ರೀ, ನಾನೀಗ ಕಥೆ ಓದ್ಲೋ, ಸೀಟ್ ಬೆಲ್ಟ್ ಹಾಕ್ಕೊಳ್ಲೋ?"

"ಇದು… ಪರೀಕ್ಷೆ ಕಣೇ. ಶತ್ರುವಿನ ಪೂರ್ತಿ ಬಲ ಎಷ್ಟು ಅಂತ ತಿಳ್ಕೋಬೇಕು."

"ತಿಳೀತಲ್ಲ. ಈಗ ನಿಮ್ಮ ಬಲ ತೋರಿಸಿ. ಹೊತ್ತಾಗ್ತಿದೆ."

ಆ ಕೊನೆಯ ಮಾತಿನಲ್ಲಿ ತಮಾಷೆ ಇರಲಿಲ್ಲ. ನಾನೂ ನಗು ಬಿಟ್ಟು ಕುಳಿತೆ. ಯೋಚಿಸಿದರೆ ಪಾಪ, ಅದರದ್ದೇನು ತಪ್ಪು? ಉಸಿರು ಕಟ್ಟಿದವರು ಏದುಸಿರು ಬಿಡದೆ ಇನ್ನೇನು ಮಾಡುತ್ತಾರೆ? ಕಂಪ್ಯೂಟರ್ ಆರಿಸಿ, ತಂತಿ ಕಿತ್ತು, ಸಾಸಿವೆ ಕಾಳಿನಂಥ ಸ್ಕ್ರೂಗಳನ್ನು ಬಿಚ್ಚಿ ಬಟ್ಟಲಲ್ಲಿಟ್ಟು, ಮುಚ್ಚಳ ತೆಗೆದೆ. ದೇವರೇ! ಒಂದು ದಿಂಬು ತುಂಬುವಷ್ಟು ಧೂಳು! ಉಫ್ ಎಂದು ಊದಿದೆ. ಧೂಳೆಲ್ಲ ಅಲ್ಲಿಂದ ಹೊರಟು ನನ್ನ ಮುಖದಲ್ಲಿ ಮನೆ ಮಾಡಿತು. ಸೀನಿ ಸೀನಿ ಸಾಕಾದ ಮೇಲೆ ನನ್ನ ಶೇವಿಂಗ್ ಬ್ರಷ್ಷನ್ನೇ ತಂದು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು, ಒಂದೊಂದೇ ಸಂದಿಯನ್ನು ಗುಡಿಸಿದೆ. ಎಲ್ಲ ಸ್ಕ್ರೂಗಳೂ ತಂತಮ್ಮ ತೂತಿಗೆ ವಾಪಸಾದವು. ಒಂದೂ ಉಳಿಯಲಿಲ್ಲ! ಇದನ್ನು ನಂಬದವರು ಮನೆಗೆ ಬಂದು ಬಟ್ಟಲು ನೋಡಬಹುದು.

ತಂತ್ರಾಂಶದ ಗುಂಡಿಯನ್ನೂ ಈ ಸಲ ಗಂಭೀರವಾಗಿ ಮಾತಾಡಿಸಿದೆ. ಬಿಸಿ ಕಡಿಮೆಯಿದ್ದರೆ ಮೆಲ್ಲಗೆ ತಿರುಗು, ಬಿಸಿ ಏರಿದರೆ ನೀನೂ ನಿಧಾನಕ್ಕೆ ಏರು, ಸುಮ್ಮಸುಮ್ಮನೆ ಹಾರಾಡಬೇಡ ಎಂದು ಗೆರೆಯನ್ನು ಮೆಲ್ಲಗೆ ಏರುವಂತೆ ಎಳೆದೆ. ಭುರ್ರ್ ಹೋಯಿತು. ಆದರೂ ಸಣ್ಣಗೆ ಒಂದು ಗುಂಯ್ ಉಳಿಯಿತು. ಡಬ್ಬಿಯನ್ನು ಕೈಯಲ್ಲೆತ್ತಿದರೆ ಇಲ್ಲ, ಮೇಜಿನ ಮೇಲಿಟ್ಟರೆ ಇದೆ. ಕಳ್ಳ ಸಿಕ್ಕಿಬಿದ್ದ! ಫ್ಯಾನಿನ ನಡುಕಕ್ಕೆ ಹಾಡುತ್ತಿದ್ದದ್ದು ನಮ್ಮ ಮೇಜು. ಬಾಗಿಲ ಹಿಂದೆ ಒಂದು ಹಳೆಯ ಹವಾಯಿ ಚಪ್ಪಲಿ ಕಂಡಿತು. ಅದನ್ನು ಕತ್ತರಿಸಿ ತುಂಡು ಮಾಡಿ ಡಬ್ಬಿಯ ನಾಲ್ಕು ಮೂಲೆಗೂ ಮೆತ್ತನೆಯ ಕಾಲು ಕೊಟ್ಟೆ.

ಹೆಂಡತಿ ಡಬ್ಬಿಗೆ ಕಿವಿ ಹಚ್ಚಿದಳು. "ಆನ್ ಮಾಡಿ."

"ಆನ್ ಆಗಿದೆ."

"ಸುಳ್ಳು!"

"ಪರದೆ ನೋಡೇ!"

ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಮದುವೆಯಾದ ಹೊಸತರಲ್ಲೂ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. "ಹೆಸರು ಬದಲಾಯಿಸೋದು ಬೇಡ ಬಿಡ್ರೀ" ಎಂದಳು. ದಿಗ್ವಿಜಯ ಮುಗಿಸಿ ಬಂದ ಚಕ್ರವರ್ತಿಗೂ ಇಷ್ಟು ಸುಖ ಸಿಕ್ಕಿರಲಾರದು!

ಅಷ್ಟರಲ್ಲಿ ಅತ್ತೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ಬಂದರು. "ಏನಪ್ಪಾ, ಇನ್ನೊಂದು ಎಲ್ಲಿ? ಪಾರ್ಕಿಗೆ ಹೋಗೋ ಹೊತ್ತಾಯ್ತು."

ಆ ಇನ್ನೊಂದು ಚಪ್ಪಲಿ ಕಂಪ್ಯೂಟರಿನ ಕೆಳಗೆ ನಾಲ್ಕಾಗಿ ಕುಳಿತಿತ್ತು. ಇನ್ನು ಅತ್ತೆ ಹೊರಗೆ ಹೋಗುವಂತಿಲ್ಲ. ಮನೆಯಲ್ಲಿದ್ದರೆ ಚಪ್ಪಲಿ ಹುಡುಕದೆ ಇರುವಂತಿಲ್ಲ. ಕಿವಿ ಮಂದವಾದವರು ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳಿಸುತ್ತದೆ!

"ನೀನು ಓದು. ನಾನಿದ್ದೀನಿ" ಎಂದು ಹೆಂಡತಿಗೆ ಅಭಯವಿತ್ತು ಕೋಣೆಯ ಬಾಗಿಲಲ್ಲೇ ಕಾವಲು ನಿಂತೆ. ಅವಳು ಶುರುಮಾಡಿದಳು. ಅತ್ತೆ ಬಾಯಿ ತೆರೆಯುವ ಮೊದಲೇ ನಾನು ತುಟಿಗೆ ಬೆರಳಿಟ್ಟೆ. ಅವರು ಸೋಫಾದಡಿ ಬಗ್ಗಿದರು, ಬೆರಳಿಟ್ಟೆ. ಎದ್ದರು, ಬೆರಳಿಟ್ಟೆ. ಕಿಟಕಿಯ ಮೇಲೆ ಕಾಗೆ ಕೂತು ಕೊಕ್ಕು ತೆರೆಯಿತು, ಅದಕ್ಕೂ ಬೆರಳಿಟ್ಟೆ. ಕಾಗೆಯೂ ಹೆದರಿ ಹಾರಿಹೋಯಿತು! ಓದು ಮುಗಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ಕಥೆ ಚೆನ್ನಾಗಿತ್ತು, ಆದರೆ ಕಣ್ಣು ಒದ್ದೆಯಾದದ್ದು ಅವಳ ದನಿಗೆ. ಸಂಜೆಯೊಳಗೆ ಕಳಿಸಿದೆವು.

ಮರುದಿನ ಫೋನ್ ಬಂತು. ಹೆಂಡತಿ ಸ್ಪೀಕರ್ ಹಾಕಿದಳು.

"ಅಭಿನಂದನೆ ಮೇಡಂ, ನೀವು ಆಯ್ಕೆ ಆಗಿದ್ದೀರಿ! ಮೊದಲನೇ ಪುಸ್ತಕ ಈ ವಾರವೇ ಕಳಿಸ್ತೀವಿ. ಆ ಗುಂಯ್ ಸದ್ದು ಚೂರೂ ಇಲ್ಲ. ಯಾರು ಸರಿಮಾಡಿದ್ದು?"

"ನಮ್ಮ ಯಜಮಾನ್ರು" ಎಂದಳು ಅವಳು. ನಾನು ಕಾಲರ್ ಸರಿಮಾಡಿಕೊಂಡೆ.

"ಭೇಷ್! ಆದ್ರೆ ಹೊಸದೊಂದು ಸದ್ದು ಬಂದಿದೆ ಮೇಡಂ. ನೀವು ವಾಕ್ಯ ನಿಲ್ಲಿಸಿದಾಗೆಲ್ಲ ಯಾವ್ದೋ ಟಯರಿಂದ ಗಾಳಿ ಹೋದ ಹಾಗೆ ಕೇಳ್ಸುತ್ತೆ. ನಾವೇ ಕತ್ತರಿಸಿ ತೆಗೆದ್ವಿ, ಪರವಾಗಿಲ್ಲ. ಅದು ಯಾವ ಯಂತ್ರ?"

ಹೆಂಡತಿ ನಿಧಾನವಾಗಿ ನನ್ನತ್ತ ತಿರುಗಿದಳು. ಬಾಯಿ ಬಿಡಬೇಡ ಕಣೇ ಎಂದು ನಾನು ಗಾಬರಿಯಿಂದ ತುಟಿಗೆ ಬೆರಳಿಟ್ಟೆ.

"ಶ್ಶ್ಶ್!"

"ಹಾಂ, ಇದೇ ಮೇಡಂ, ಇದೇ ಸದ್ದು!"

"ಇದಕ್ಕೆ ಸ್ವಿಚ್ ಇಲ್ಲ ಸಾರ್" ಎಂದಳು ನನ್ನ ಹೆಂಡತಿ. "ಮುಂದಿನ ಸಲ ಹೊರಗಿಟ್ಟು ಬಾಗಿಲು ಹಾಕ್ಕೋತೀನಿ."