ಗುತ್ತಿನ ಕುಬ್ಜನೂ ಹೊಸ ಆವೃತ್ತಿಯ ರೂಲುಗಳೂ

ಸರಕಾರ ಕಾನೂನು ಬದಲಿಸಿದರೆ ನಮ್ಮ ಕಡೆಯವರು ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆಟದ ಕಾನೂನು ಬದಲಾದರೆ ಮಾತ್ರ ಕೆಲಸ ಬಿಟ್ಟು ಜಗಳಕ್ಕೆ ಬರುತ್ತಾರೆ. ಭಾನುವಾರ ಬಂತೆಂದರೆ ಇಂಥ ಜಗಳದ ನಡುವೆ ಕೂತಿರುವವನು ನಾನು, ಆದ್ದರಿಂದ ನನ್ನಲ್ಲಿ ಪ್ರಸಂಗಗಳಿಗೆ ಬರವಿಲ್ಲ.

ನಾನು ಔಷಧ ಕಂಪೆನಿಯ ರೆಪ್ರೆಸೆಂಟೇಟಿವ್. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ನನ್ನ ಸುತ್ತಾಟದ ಸೀಮೆ. ಹಾಗೆ ಸುತ್ತುತ್ತಾ ಕಟ್ಟಿದ ತಂಡ ನಮ್ಮದು: ಬಿ.ಸಿ. ರೋಡಿನ ಹೋಟೆಲ್ ಧಣಿಗಳು, ಮೂಡುಬಿದಿರೆಯ ಹಲ್ಲಿನ ಡಾಕ್ಟ್ರು, ಉಜಿರೆಯಲ್ಲಿ ಕೆಮಿಸ್ಟ್ರಿ ಕಲಿಸುವ ಮೇಡಂ. ಆಡುವುದು ಕುಬ್ಜರು, ಚೂಪು ಕಿವಿಯ ಎಲ್ಫ್‌ಗಳು, ಡ್ರ್ಯಾಗನ್‌ಗಳು ಇರುವ, ದಾಳ ಹಾಕಿ ಕಥೆ ಬೆಳೆಸುವ ಆಟ. ಒಬ್ಬ ಕಥೆ ನಡೆಸಬೇಕು, ಉಳಿದವರು ಒಂದೊಂದು ಪಾತ್ರವಾಗಿ ಮಾತಾಡಬೇಕು. ಊರಿನವರು ಕೇಳಿದರೆ "ತಾಳಮದ್ದಳೆಯ ಹಾಗೆಯೇ, ಮದ್ದಳೆಯ ಬದಲು ದಾಳ" ಎನ್ನುತ್ತೇನೆ. ಕಥೆ ನಡೆಸುವವ ನಾನಾದ್ದರಿಂದ ಎಲ್ಲರಿಗೂ ನಾನು "ಭಾಗವತರು."

ಎಲ್ಲ ಚೆನ್ನಾಗಿಯೇ ನಡೆದಿತ್ತು, ಡಾಕ್ಟ್ರು ಆಟದ ಹೊಸ ಆವೃತ್ತಿಯ ಪುಸ್ತಕ ತರಿಸುವವರೆಗೆ. ಆಟದಲ್ಲಿ ಕುಬ್ಜನ ಪಾತ್ರ ಮಾಡುವ ಧಣಿಗಳು ಅದರ ದಪ್ಪ ನೋಡಿ, "ನನ್ನ ಕುಬ್ಜನನ್ನು ಮುಟ್ಟಿದರೆ ನಾನು ಆಟಕ್ಕೇ ಇಲ್ಲ" ಎಂದರು. ನಾವು ಆಡುವುದು ಅವರ ಹೋಟೆಲಿನ ಮಹಡಿಯ ಹಾಲ್‌ನಲ್ಲಿ. ಚಹಾ, ಗೋಳಿಬಜೆಯೂ ಅವರದೇ. ಅವರು ಎದ್ದು ಹೋದರೆ ಹಾಲ್ ಇಲ್ಲ, ಬಜೆ ಇಲ್ಲ, ಆಟವೂ ಇಲ್ಲ.

ಒಂದು ಸರದಿ, ಒಂದು ಮಾತು

ಧಣಿಗಳು ತಾಳಮದ್ದಳೆಯಲ್ಲಿ ಅರ್ಥ, ಅಂದರೆ ಪಾತ್ರದ ಮಾತು, ಹೇಳಿ ಪಳಗಿದವರು. ಅವರ ಕುಬ್ಜ ಯಾರಿಗೂ ಸುಮ್ಮನೆ ಹೊಡೆದವನಲ್ಲ. ಮೊದಲು ಎದುರಾಳಿಯ ಕುಲಗೋತ್ರ ವಿಚಾರಿಸಿ, ಧರ್ಮಾಧರ್ಮ ವಿವೇಚಿಸಿ, ಆಮೇಲೆ ಕೊಡಲಿ ಎತ್ತುವುದು. ಗಾಬ್ಲಿನ್ ಎಂಬ ಪುಡಿ ರಾಕ್ಷಸನಾಗಿ ನಾನೂ ಸರಿಸಮನಾಗಿ ಅರ್ಥ ಹೇಳಬೇಕಿತ್ತು. ಅಷ್ಟರಲ್ಲಿ ಡಾಕ್ಟ್ರು ಒಂದು ನಿದ್ದೆ ಮುಗಿಸುತ್ತಿದ್ದರು.

ಹೊಸ ರೂಲಿನ ಪ್ರಕಾರ ಒಂದು ಸರದಿಗೆ ಆರೇ ಸೆಕೆಂಡು. ಅದರಲ್ಲಿ ಒಂದು ಚಿಕ್ಕ ಮಾತು ಮಾತ್ರ.

"ಆರು ಸೆಕೆಂಡಿನಲ್ಲಿ ನನಗೆ ಗಂಟಲು ಸರಿ ಮಾಡ್ಲಿಕ್ಕೂ ಆಗುದಿಲ್ಲ" ಎಂದರು ಧಣಿಗಳು.

"ಹೊಡೀತೇನೆ ಅಂತ ಹೇಳಿದರೆ ಸಾಕು ಧಣಿಗಳೇ" ಎಂದರು ಮೇಡಂ.

ಧಣಿಗಳು ಸಿಟ್ಟಿನಲ್ಲೇ ಒಪ್ಪಿದರು. ಗಾಬ್ಲಿನ್ ಬಂತು. ಕುಬ್ಜ "ಎಲವೋ" ಎಂದ. ಸರದಿ ಮುಗಿಯಿತು, ಗಾಬ್ಲಿನ್ ಹೊಡೆಯಿತು. ಮುಂದಿನ ಸರದಿಯಲ್ಲಿ "ಅಧಮನೇ" ಎಂದ. ಗಾಬ್ಲಿನ್ ಮತ್ತೆ ಹೊಡೆಯಿತು. "ಎಲವೋ ಅಧಮನೇ, ನಿನ್ನ ಅಂತ್ಯಕಾಲ ಸಮೀಪಿಸಿತು" ಎಂಬ ವಾಕ್ಯ ಪೂರ್ತಿಯಾಗುವಾಗ ಕುಬ್ಜನದ್ದೇ ಅಂತ್ಯಕಾಲ ಸಮೀಪಿಸಿತ್ತು.

ಗುತ್ತಿನವರಿಗೆ ಎಂತ ಕೆಲಸ?

ಹಳೆಯ ಆವೃತ್ತಿಯಲ್ಲಿ ಕುಬ್ಜನಾಗಿ ಹುಟ್ಟಿದರೆ ಸಾಕು, ಬಲ ತಾನಾಗಿ ಬರುತ್ತಿತ್ತು. ಹೊಸದರಲ್ಲಿ ಹುಟ್ಟಿಗೆ ಬೆಲೆಯಿಲ್ಲ. ಪಾತ್ರ ಹಿಂದೆ ಯಾವ ಕಸುಬು ಮಾಡುತ್ತಿತ್ತೋ ಅದರಿಂದಲೇ ಬಲ. ಧಣಿಗಳದು ಗುತ್ತು, ಅಂದರೆ ಊರಿನ ಹಿರಿಮನೆತನ. ತಮ್ಮ ಕುಬ್ಜನನ್ನೂ ಅವರು ಗುತ್ತಿನ ಮನೆಯಲ್ಲೇ ಹುಟ್ಟಿಸಿದ್ದರು.

"ನಿಮ್ಮ ಕುಬ್ಜ ಮೊದಲು ಎಂತ ಕೆಲಸ ಮಾಡ್ತಿದ್ದ?" ಡಾಕ್ಟ್ರು ಕೇಳಿದರು.

"ಗುತ್ತಿನವರಿಗೆ ಎಂತ ಕೆಲಸ ಮಾರಾಯ್ರೆ? ಚಾವಡಿಯಲ್ಲಿ ಕೂತದ್ದು."

"ಕೂತದ್ದಕ್ಕೆ ಬಲ ಸಿಗುದಿಲ್ಲ. ಕಮ್ಮಾರ, ಸೈನಿಕ, ಅಡುಗೆಯವ, ಎಂತಾದರೂ ಒಂದು ಬೇಕು."

"ನೀವು ಎಷ್ಟು ಕೇಳಿದರೂ ಅಷ್ಟೆ. ಅವನು ಕೂತದ್ದೇ."

ಕೊನೆಗೆ ತೀರ್ಪು ನನ್ನ ತಲೆಗೆ ಬಂತು. ಬಜೆಯ ತಟ್ಟೆ ನೋಡಿದೆ. ಧಣಿಗಳ ಕುಬ್ಜನಿಗೆ ಹಳೆಯ ರೂಲು, ಉಳಿದವರಿಗೆ ಹೊಸ ರೂಲು ಎಂದುಬಿಟ್ಟೆ. ಧಣಿಗಳು ಕೂಡಲೇ ಇನ್ನೊಂದು ತಟ್ಟೆ ತರಿಸಿದರು. "ಇದು ಲಂಚ" ಎಂದು ಡಾಕ್ಟ್ರು ಗಲಾಟೆ ಮಾಡಿದರು, ಬಾಯಿತುಂಬ ಬಜೆ ಇಟ್ಟುಕೊಂಡು.

ಒಂದು ರಾತ್ರಿಯ ನಿದ್ದೆ

ಒಂದೇ ಆಟಕ್ಕೆ ಎರಡು ಕಾನೂನು ಮಾಡಿದರೆ ಏನಾಗುತ್ತದೆಂದು ಬೇಗ ಗೊತ್ತಾಯಿತು. ಡ್ರ್ಯಾಗನ್ ಗುಹೆಯ ಬಾಗಿಲಲ್ಲಿ ಮೂವರೂ ಏಟು ತಿಂದು ಬಿದ್ದರು. ಹೊಸ ರೂಲಿನಲ್ಲಿ ಒಂದು ರಾತ್ರಿ ಮಲಗಿದರೆ ಎಲ್ಲ ಗಾಯವೂ ಮಾಯ. ಡಾಕ್ಟ್ರ ಎಲ್ಫ್, ಮೇಡಂ ಅವರ ಕುಬ್ಜೆ ಬೆಳಗಾಗುವಾಗ ಗಟ್ಟಿಮುಟ್ಟಾಗಿ ಎದ್ದರು. ಹಳೆಯ ರೂಲಿನ ಕುಬ್ಜ ವಾರಗಟ್ಟಲೆ ಮಲಗಬೇಕಿತ್ತು.

"ಧಣಿಗಳೇ, ಇದೊಂದಕ್ಕೆ ಹೊಸ ರೂಲು ತಗೊಳ್ಳಿ" ಎಂದು ಮೇಡಂ ಬೇಡಿಕೊಂಡರು.

"ನಮ್ಮ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಮಳೆಗಾಲ ಪೂರ್ತಿ ಮಲಗಿದ್ದಾಳೆ. ಇವನು ಒಂದು ರಾತ್ರಿಯಲ್ಲಿ ಎದ್ದರೆ ಅವಳಿಗೆ ನಾನು ಎಂತ ಹೇಳುದು?"

ಮೇಡಂಗೆ ಪಾಪ ಅನ್ನಿಸಿತು. ಅವರ ಕುಬ್ಜೆ ಸೊಪ್ಪಿನ ರಸ ಹಿಂಡಿ, ಗಂಜಿ ಬೇಯಿಸಿ, ಡ್ರ್ಯಾಗನ್ನಿನ ಬಾಗಿಲಲ್ಲೇ ಉಪಚಾರಕ್ಕೆ ಕೂತಳು. ಧಣಿಗಳ ಕಣ್ಣು ಒದ್ದೆಯಾಯಿತು. "ಇವತ್ತಿನಿಂದ ನೀನು ನನಗೆ ತಂಗಿ" ಎಂದು ಕುಬ್ಜನ ಬಾಯಲ್ಲಿ ಹೇಳಿಸಿದರು.

ಡ್ರ್ಯಾಗನ್ ಮಾತ್ರ ಗಂಜಿ ಆರುವವರೆಗೆ ಕಾಯಲಿಲ್ಲ. ಹೊರಗೆ ಬಂದು ಬೆಂಕಿ ಉಗುಳಿತು. ಹೊಸ ರೂಲಿನವರು ಎದ್ದು ಓಡಿದರು. ಕುಬ್ಜ ಹಳೆಯ ರೂಲಿನ ಪ್ರಕಾರ ಮಲಗಿದ್ದಲ್ಲೇ ಸತ್ತ.

ವಾರಸುದಾರ

ಇಷ್ಟು ವರ್ಷ ಮಗನಂತೆ ಸಾಕಿದ ಕುಬ್ಜ. ಧಣಿಗಳು ತಟ್ಟೆ ಸರಿಸಿ ಎದ್ದು ನಿಂತರು. ಮುಗಿಯಿತು ನಮ್ಮ ಆಟ ಎಂದುಕೊಂಡೆ. ನಿಜಕ್ಕೂ ದುಃಖವಾಯಿತು.

ಆಗ ಡಾಕ್ಟ್ರು ಮೆಲ್ಲಗೆ ಪುಸ್ತಕ ತೆರೆದರು. "ಹೊಸ ರೂಲು ಉಂಟು. ಸತ್ತವನ ಆಯುಧ ವಾರಸುದಾರನಿಗೆ. ಮೊದಲಿನ ಹಾಗೆ ದಾಳ ಹಾಕಿ ಹಂಚುವ ಕ್ರಮ ಇಲ್ಲ." ಅವರ ಎಲ್ಫ್ ಹಿಂದೊಮ್ಮೆ ಹಠ ಹಿಡಿದು ಕುಬ್ಜನಿಗೆ ದತ್ತುಮಗನಾಗಿದ್ದ. ಆವತ್ತಿನಿಂದಲೂ ಕಣ್ಣಿದ್ದದ್ದು ಕುಬ್ಜನ ಮಿಂಚಿನ ಕೊಡಲಿಯ ಮೇಲೆ ಎಂದು ನನಗೆ ಈಗ ಹೊಳೆಯಿತು.

ಧಣಿಗಳು ಮತ್ತೆ ಕೂತರು. "ವಾರಸುದಾರ ಅಂದರೆ ಯಾರು ಅಂತ ಪುಸ್ತಕದಲ್ಲಿ ಉಂಟಾ?"

"ಇಲ್ಲ. ಮಗನೇ ಅಲ್ವಾ ಮತ್ತೆ?"

"ಅದು ನಿಮ್ಮ ಮನೆಯಲ್ಲಿ. ನನ್ನ ಕುಬ್ಜ ಗುತ್ತಿನವ. ನಮ್ಮಲ್ಲಿ ಅಳಿಯಕಟ್ಟು, ಎಲ್ಲ ತಂಗಿಯ ಮಗನಿಗೆ. ದತ್ತುಮಗ ಬೇಕಾದರೆ ಸತ್ತವನ ಬೊಜ್ಜದ ಊಟ ಮಾಡಿ ಹೋಗಲಿ."

ಮೇಡಂ ಗಾಬರಿಯಾದರು. "ತಂಗಿ ಅಂದರೆ ನಾನಾ? ನನ್ನ ಕುಬ್ಜೆಗೆ ಮದುವೆಯೇ ಆಗ್ಲಿಲ್ಲ!"

"ಆಗದಿದ್ದರೆ ಈಗ ಮಾಡುವ. ಹಾಲ್ ಉಂಟು, ಊಟ ನಮ್ಮದೇ."

ಮುಂದಿನ ಭಾನುವಾರ ಡ್ರ್ಯಾಗನ್ನನ್ನು ಹಾಗೇ ಬಿಟ್ಟು ಕುಬ್ಜೆಯ ಮದುವೆ ಮಾಡಿಸಿದೆವು. ಧಣಿಗಳು ನಿಜವಾಗಿಯೇ ಪಾಯಸ ಮಾಡಿಸಿದ್ದರು. ಪಾಯಸ ಮುಗಿದ ಮೇಲೆ ನಾನು ಕಥೆಯಲ್ಲಿ ಒಂದು ವರ್ಷ ಮುಂದಕ್ಕೆ ಓಡಿಸಿ ಗಂಡು ಮಗು ಹುಟ್ಟಿಸಿದೆ.

ಡಾಕ್ಟ್ರು ಬಿಡಲಿಲ್ಲ. "ಕುಬ್ಜರು ಪ್ರಾಯಕ್ಕೆ ಬರ್ಲಿಕ್ಕೆ ಐವತ್ತು ವರ್ಷ ಬೇಕು. ಅಲ್ಲಿಯವರೆಗೆ ಕೊಡಲಿ ಯಾರು ಹೊರುದು?"

"ನಿಮ್ಮ ಎಲ್ಫ್ ಹೊರಲಿ. ಎಲ್ಫ್‌ಗಳು ಏಳುನೂರು ವರ್ಷ ಬದುಕ್ತಾರಂತಲ್ಲ, ಅರ್ಜೆಂಟ್ ಎಂತ? ಬೀಸುವ ಹಾಗಿಲ್ಲ, ಅಷ್ಟೆ."

"ಹಾಗಾದರೆ ನಿಮ್ಮ ಪಾತ್ರ ಯಾವುದು ಧಣಿಗಳೇ?" ಕೇಳಿದೆ.

"ಮಗು" ಎಂದರು. "ಹೊಸ ರೂಲಿನಲ್ಲೇ ಆಡ್ತೇನೆ."

ಹಾಗೆ ನಮ್ಮ ಆಟ ಉಳಿಯಿತು. ಈಗ ಡ್ರ್ಯಾಗನ್ ಗುಹೆಗೆ ದಂಡೆತ್ತಿ ಹೋಗುವಾಗ ಮುಂದೆ ಖಡ್ಗ ಹಿಡಿದ ತಾಯಿ, ಹಿಂದೆ ಹೆಗಲಲ್ಲಿ ಕೊಡಲಿ, ಸೊಂಟದಲ್ಲಿ ಮಗು ಹೊತ್ತ ಎಲ್ಫ್. ಕಳೆದ ಭಾನುವಾರ ಡಾಕ್ಟ್ರಿಗೆ ಹೊಸ ರೂಲು ನೆನಪಾಯಿತು. ಮಗುವಿಗೂ ಒಂದು ಕಸುಬು ಬೇಕಲ್ಲ, ಯಾವುದು ಎಂದು ಕೇಳಿದರು.

ಧಣಿಗಳು ಬಜೆಯನ್ನು ಚಟ್ನಿಯಲ್ಲಿ ಅದ್ದಿದರು. "ಇವನೂ ಕೂತದ್ದೇ ಡಾಕ್ಟ್ರೆ. ಮಾವ ಚಾವಡಿಯಲ್ಲಿ ಕೂತದ್ದು, ಇವ ನಿಮ್ಮ ಎಲ್ಫಿನ ಸೊಂಟದಲ್ಲಿ."