ನಾನು ಉಳಿಸಹೊರಟ ವಾಡೆ

ಹಳೆಯ ಕಟ್ಟಡಗಳ ಮೇಲೆ ಮನಸ್ಸಿಟ್ಟವನಿಗೆ ಪುಣೆಯಲ್ಲಿ ಆಗಾಗ ಮುಖಭಂಗವಾಗುತ್ತಲೇ ಇರುತ್ತದೆ. ನನಗಂತೂ ಅಭ್ಯಾಸವಾಗಿಹೋಗಿದೆ.

ನಾನು ಇಂಜಿನಿಯರರೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುವವನು. ವಾರವಿಡೀ ಕಂಪ್ಯೂಟರಿನಲ್ಲಿ ಹನ್ನೆರಡು ಅಂತಸ್ತಿನ ಕಟ್ಟಡಗಳನ್ನು ಬರೆಯುತ್ತೇನೆ. ಭಾನುವಾರ ಬಂದರೆ ಹಳೆಯ ಊರಿನ ಪೇಠೆಗಳಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿರುವ ವಾಡೆಗಳಿಗೆ ಹೋಗಿ ಅವುಗಳ ನಕ್ಷೆಯನ್ನು ಕೈಯಲ್ಲಿ ಬರೆಯುತ್ತೇನೆ. ನಡುವೆ ತೆರೆದ ಅಂಗಳ, ಸುತ್ತ ಮರದ ಕಂಬಗಳು, ಅಂಗಳದಲ್ಲೊಂದು ಬಾವಿ. ಒಂದು ಕಾಲಕ್ಕೆ ಒಂದೇ ಮನೆತನ ಇದ್ದಲ್ಲಿ ಈಗ ಕೋಣೆಗೊಂದರಂತೆ ಬಾಡಿಗೆಯ ಸಂಸಾರ. ನಾನು ಬರೆದ ವಾಡೆಗಳಲ್ಲಿ ಹೆಚ್ಚಿನವು ಈಗ ನನ್ನ ಕಾಗದದ ಮೇಲೆ ಮಾತ್ರ ಇವೆ. ಶನಿವಾರ ಪೇಠೆಯದೊಂದು ನಿಂತಿತ್ತು. ಅದೊಂದಾದರೂ ಉಳಿಯಲಿ ಎಂದು ಆಸೆಪಟ್ಟೆ. ತಪ್ಪಾಗಿದ್ದು ಅಲ್ಲೇ.

೧. ಟೇಪು

ಆ ವಾಡೆಗೆ ಮೊದಲ ಸಲ ಹೋದಾಗ ಅಂಗಳದಲ್ಲಿ ಯಾರೂ ಇರಲಿಲ್ಲ. ಟೇಪು ಬಿಚ್ಚಿ ಎರಡು ಕಂಬಗಳ ನಡುವಿನ ಅಂತರ ಅಳೆಯತೊಡಗಿದೆ. ಒಂದು ಕಿಟಕಿ ತೆರೆಯಿತು. ಆಮೇಲೆ ಇನ್ನೊಂದು. ಬನಿಯನ್ನಿನಲ್ಲಿದ್ದ ಒಬ್ಬರು ಇಳಿದುಬಂದು ಮರಾಠಿಯಲ್ಲಿ ಕೇಳಿದರು:

"ಯಾವ ಬಿಲ್ಡರ್ ಕಡೆಯವರು?"

"ಯಾರ ಕಡೆಯವನೂ ಅಲ್ಲ. ಸುಮ್ಮನೆ ಅಳೀತಿದ್ದೇನೆ."

ಪೇಠೆಯಲ್ಲಿ ಯಾರೂ ಸುಮ್ಮನೆ ಅಳೆಯುವುದಿಲ್ಲ. ಐದು ನಿಮಿಷದಲ್ಲಿ ಟೇಪಿನ ಇನ್ನೊಂದು ತುದಿ ಬೇರೆಯವರ ಕೈಯಲ್ಲಿತ್ತು. ವಾಡೆ ಬಿದ್ದು ಹೊಸ ಕಟ್ಟಡ ಎದ್ದಾಗ, ಈಗ ಯಾರ ವಶದಲ್ಲಿ ಎಷ್ಟು ಜಾಗವಿದೆಯೋ ಅದರ ಮೇಲೆ ಅವರವರ ಫ್ಲ್ಯಾಟಿನ ಅಳತೆ ನಿಲ್ಲುತ್ತದೆ. ಹಾಗಾಗಿ ನನಗೆ ಬೇಕಾದ ಕಂಬವನ್ನು ಯಾರೂ ತೋರಿಸಲಿಲ್ಲ. ಅಟ್ಟ ತೋರಿಸಿದರು, ಮೆಟ್ಟಿಲ ಕೆಳಗಿನ ಗೂಡು ತೋರಿಸಿದರು. ಬನಿಯನ್ನಿನವರು ನನ್ನ ಕಣ್ಣೆದುರೇ ನಾಲ್ಕು ತುಳಸಿ ಕುಂಡಗಳನ್ನು ಪಡಸಾಲೆಗೆ ತಂದಿಟ್ಟು, "ಇದೂ ನಮ್ಮದೇ, ಬರ್ಕೊಳ್ಳಿ" ಎಂದರು. ಇಲ್ಲ ಎನ್ನಲು ಬಾರದವನು ನಾನು. ಬರೆದುಕೊಂಡೆ.

ಅಷ್ಟರಲ್ಲಿ ಎಪ್ಪತ್ತರ ಹತ್ತಿರದ ಒಬ್ಬ ಹೆಂಗಸು, ಮೆಟ್ಟಿಲಿಗೆ ಇಳಿಬಿಟ್ಟ ಹಗ್ಗ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಳಿದು ಬಂದರು. ನನ್ನ ಮರಾಠಿ ಕೇಳಿ ಕನ್ನಡದಲ್ಲಿ ಅಂದರು:

"ಯಾವೂರ್ರಿ ನಿಮ್ದು?"

"ವಿಜಯಪುರ್ರಿ."

"ಅಯ್ಯ, ನಮ್ಮಾವ್ರ ಅದೀರಿ! ನಂದು ಅಕ್ಕಲಕೋಟ."

ಆ ಕ್ಷಣದಿಂದ ನಾನು ಅವರಿಗೆ ತಮ್ಮ, ಅವರು ನನಗೆ ಅಕ್ಕ. ದನಿ ತಗ್ಗಿಸಿ ಕೇಳಿದರು:

"ತಮ್ಮಾ, ಖರೇ ಹೇಳು. ಯಾವಾಗ ಕೆಡವ್ತಾರ?"

"ನಾ ಕಂಬ ನೋಡಾಕ ಬಂದೀನ್ರಿ ಅಕ್ಕಾರ. ಭಾಳ ಚಂದ ಅವ."

ಅಕ್ಕ ಕಂಬವನ್ನು ನೋಡಿದರು, ನನ್ನನ್ನು ನೋಡಿದರು. "ಆತು ಬಿಡು. ಹೇಳಬ್ಯಾಡ ಅಂತ ಬಿಲ್ಡರ್ ತಾಕೀತ್ ಮಾಡಿರಬೇಕು. ನಾ ಯಾರ ಮುಂದೂ ಬಾಯಿ ಬಿಡಂಗಿಲ್ಲ."

ನಾನು ಹೊಸಿಲು ದಾಟುವಷ್ಟರಲ್ಲಿ ಹನ್ನೊಂದು ಮನೆಗಳವರೂ ನನಗೆ ಕೈಮುಗಿಯುತ್ತಿದ್ದರು.

೨. ಕಂಬ

ಪಕ್ಕದ ಪೇಠೆಯಲ್ಲಿ ಇನ್ನೊಂದು ವಾಡೆ ಬಿದ್ದಾಗ ಅದರ ಮರವೆಲ್ಲ ಹಳೇ ಕಟ್ಟಿಗೆ ವ್ಯಾಪಾರಿಯ ಅಂಗಡಿಗೆ ಬಂತು. ಒಂದು ಕಂಬವನ್ನಾದರೂ ಕಾಪಾಡೋಣವೆಂದು ಕೊಂಡು, ಟೆಂಪೋದಲ್ಲಿ ಕೋಥರೂಡಿನ ನಮ್ಮ ಫ್ಲ್ಯಾಟಿಗೆ ತಂದೆ. ಹಾಲಿನ ಮೂಲೆಯಲ್ಲಿ ನಿಲ್ಲಿಸಿದೆ.

ಹೆಂಡತಿ ಸುತ್ತು ಹಾಕಿ ನೋಡಿದಳು. "ಇದು ಏನ್ ಹೊರ್ತದ?"

"ಏನೂ ಹೊರಂಗಿಲ್ಲ."

"ಹಂಗಾರ ಹೆಲ್ಮೆಟ್ ಹೊರಲಿ" ಎಂದು ಒಂದು ಮೊಳೆ ಹೊಡೆದಳು.

ಬಡಗಿಯನ್ನು ಕರೆಸಿ ಕಂಬವನ್ನು ಉಜ್ಜಿಸಿ, ಆಳವಾದ ಗೀರುಗಳಿಗೆ ಲಾಂಬಿ, ಅಂದರೆ ಮರದ ಪುಟ್ಟಿ, ತುಂಬಿಸಿ ಪಾಲಿಶ್ ಮಾಡಿಸಿದೆ. ಕೆಲವು ದಿನಗಳ ಮೇಲೆ ನಮ್ಮ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರು ಮನೆಗೆ ಬಂದರು. ಅವರು ಹುಟ್ಟಿ ಬೆಳೆದದ್ದು ಆ ಬಿದ್ದುಹೋದ ವಾಡೆಯಲ್ಲೇ ಎಂಬುದು ನನಗೆ ಗೊತ್ತಿರಲಿಲ್ಲ. ಕಂಬದ ಕೆತ್ತನೆ ನೋಡಿದ್ದೇ ಚಹಾ ಕೆಳಗಿಟ್ಟು, ಅದರ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಬೆರಳಿನಿಂದ ಏನನ್ನೋ ಹುಡುಕುತ್ತಿದ್ದರು.

"ಇದು ನಾನು, ಎಂಟು ವರ್ಷದವನಿದ್ದಾಗ. ಇದು ನನ್ನ ತಂಗಿ." ಅವರ ಬೆರಳ ಕೆಳಗೆ ಎರಡು ಸಣ್ಣ ಗೀರುಗಳಿದ್ದವು. ಅವರ ತಂದೆ ಪ್ರತಿ ದೀಪಾವಳಿಗೆ ಮಕ್ಕಳನ್ನು ಕಂಬಕ್ಕೆ ಆನಿಸಿ, ಎತ್ತರ ನೋಡಿ, ಚಾಕುವಿನಿಂದ ಗುರುತು ಹಾಕುತ್ತಿದ್ದರಂತೆ. ಬೆರಳು ಇನ್ನೂ ಹುಡುಕುತ್ತಿತ್ತು.

"ನನ್ನ ತಮ್ಮ ಕಾಣ್ತಿಲ್ಲವಲ್ಲ?"

"ಕ್ಷಮಿಸಿ. ಅದು ಹಾಳಾದ ಗುರುತು ಅಂದುಕೊಂಡು ಲಾಂಬಿ ತುಂಬಿಸಿಬಿಟ್ಟೆ."

ಅವರು ಮೊಳಕಾಲು ಹಿಡಿದು ಏಳುತ್ತ ಅಂದರು:

"ಇರಲಿ ಬಿಡಿ. ಅವನು ಯಾವಾಗಲೂ ಹಾಗೇ. ಹುಡುಕಿದಾಗ ಒಂದು ದಿನವೂ ಕೈಗೆ ಸಿಕ್ಕವನಲ್ಲ."

೩. ಭಾಷಣ

ನಾನು ಹೆಚ್ಚು ಮಾತಾಡುವವನಲ್ಲ. ಈ ದೂರು ಮನೆಯಲ್ಲಿ ಮೊದಲಿಂದಲೂ ಇದೆ. ಕಳೆದ ವರ್ಷ ಮದುವೆಯ ವಾರ್ಷಿಕೋತ್ಸವದ ದಿನ ಹೆಂಡತಿ ಹೊಸದೊಂದು ಹೋಟೆಲಿಗೆ ಕರೆದೊಯ್ದಳು. ಒಳಗೆ ಥೇಟು ವಾಡೆ. ಮಂದ ಬೆಳಕು, ಹಿತ್ತಾಳೆಯ ಸಮೆ ದೀಪ, ನಮ್ಮ ಮೇಜಿನ ಪಕ್ಕದಲ್ಲೇ ಕಪ್ಪಗೆ ಹೊಳೆಯುವ ಒಂದು ಕಂಬ. ಅದನ್ನು ನೋಡಿ ನನ್ನ ನಾಲಿಗೆ ಸಡಿಲವಾಯಿತು.

"ಮ್ಯಾಲ ಕಂಬದ ತಲಿಗೆ ಬೋದಿಗಿ ನೋಡು. ಬಾಳಿ ಹೂವಿನ ಆಕಾರ. ಒಂದ ದಿಮ್ಮಿಯೊಳಗ ಕೆತ್ತ್ಯಾರ. ಒಂದು ಮೊಳಿ ಹೊಡದಿಲ್ಲ. ಏನಿಲ್ಲಂದ್ರೂ ಇನ್ನೂರು ವರ್ಷದ ಸಾಗವಾನಿ. ನಾಲ್ಕು ಮಂದಿ ಹಿಡದ್ರೂ ಅಲಗಾಡಂಗಿಲ್ಲ."

ಹೆಂಡತಿ ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದಳು. ಅವಳು ಹಾಗೆ ಕೇಳಿದ್ದನ್ನು ನೋಡಿ ಬಹಳ ವರ್ಷಗಳಾಗಿದ್ದವು. ನಾನು ಮುಂದುವರಿಸಿದೆ. ಮಣ್ಣು, ಸುಣ್ಣ, ಇಟ್ಟಿಗೆಯ ದಪ್ಪ, ಯಾವುದನ್ನೂ ಬಿಡಲಿಲ್ಲ. ಅಷ್ಟರಲ್ಲಿ ಒಂದು ದೊಡ್ಡ ಕುಟುಂಬ ಬಂತು. ಅವರಿಗೆ ಮೇಜು ಜೋಡಿಸಬೇಕಿತ್ತು. ವೇಟರ್ ಬಂದು, "ಸಾಹೇಬ, ಒಂದು ನಿಮಿಷ" ಎಂದು, ಕಂಬವನ್ನು ಒಂದೇ ಕೈಯಲ್ಲಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದ.

ಹೆಂಡತಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಇಪ್ಪತ್ತಾರು ವರ್ಷದಾಗ ಮೊದಲನೇ ಸಲ ಮನಸ್ ಬಿಚ್ಚಿ ಮಾತಾಡಿದ್ರಿ. ಅದನ್ನೂ ಅಂವ ಬಗಲಾಗ ಇಟ್ಕೊಂಡು ಹೋದ ನೋಡ್ರಿ."

೪. ಅರ್ಜಿ

ಫೈಬರಿನ ವಾಡೆಯಲ್ಲಿ ಜನ ಕ್ಯೂ ನಿಂತು ಊಟ ಮಾಡುತ್ತಾರೆ, ನಿಜವಾದದ್ದು ಬೀಳುತ್ತಿದೆ ಎಂಬ ಸಿಟ್ಟು ನನ್ನಲ್ಲಿ ಉಳಿಯಿತು. ಮರುದಿನವೇ ಪಾಲಿಕೆಯ ಕಚೇರಿಗೆ ಒಂದು ಅರ್ಜಿ ಬರೆದೆ. ಶನಿವಾರ ಪೇಠೆಯ ವಾಡೆಯನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಬೇಕು ಎಂದು. ಪಟ್ಟಿಗೆ ಸೇರಿದರೆ ಅದರ ಒಂದು ಇಟ್ಟಿಗೆಯನ್ನೂ ಅಲುಗಿಸುವಂತಿಲ್ಲ. ಜೊತೆಗೆ ನನ್ನ ನಕ್ಷೆ ಲಗತ್ತಿಸಿದೆ.

"ಅಲ್ಲಿ ಇರೋರನ್ನ ಕೇಳೀರೇನು?" ಎಂದಳು ಹೆಂಡತಿ.

ನಾನು ಪೇಪರ್ ಓದತೊಡಗಿದೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಆ ವಾಡೆಗೆ ಹೋದರೆ ಅಂಗಳದ ತುಂಬ ಜನ. ಅಕ್ಕ ಬಾವಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನನ್ನು ಕಂಡು ಮುಖ ಅರಳಿತು.

"ಬಾ ತಮ್ಮಾ, ಸರಿಯಾದ ಹೊತ್ತಿಗೆ ಬಂದಿ. ವಾಡೆ ಮಾಲಕ ಕಡೀಕೂ ಕಬೂಲ್ ಆಗಿದ್ದ. ಬಿಲ್ಡರೂ ಸಿಕ್ಕಿದ್ದ. ಈಗ ಯಾಂವೋ ಒಬ್ಬ ಕತ್ತಿ ಅರ್ಜಿ ಕೊಟ್ಟಾನಂತ. ಇದನ್ನ ಹಿಂಗ ಇಡಬೇಕಂತ!"

ನನಗೆ ಚಹಾ ಬಂತು. ಅಕ್ಕ ಮಾತು ನಿಲ್ಲಿಸಲಿಲ್ಲ.

"ಹತ್ತಿ ಇಳೀಲಿಕ್ಕ ಹತ್ತೊಂಬತ್ತು ಪಾವಟಿಗಿ ಅವ. ಎರಡೂ ಮೊಳಕಾಲು ಹೋಗ್ಯಾವ. ಹನ್ನೊಂದು ಮನಿಗೆ ಎರಡು ಪಾಯಖಾನಿ, ಅದೂ ಹಿತ್ತಲದಾಗ. ಮಳಿಗಾಲದಾಗ ಒಂದು ಕೈಯಾಗ ಛತ್ರಿ, ಒಂದು ಕೈಯಾಗ ಬಕೆಟ್. ಹಗ್ಗ ಯಾವ ಕೈಲೆ ಹಿಡೀಲಿ? ನನಗ ಬ್ಯಾರೆ ಏನೂ ಬ್ಯಾಡ ತಮ್ಮಾ. ಸಾಯೋದ್ರೊಳಗ ಮನಿ ಒಳಗಿನ ಪಾಯಖಾನಿಗೆ ನಾಕು ದಿನ ಹೋಗಬೇಕು. ಇಷ್ಟ ನನ್ನ ಆಸೆ."

ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದೆ. ಅಕ್ಕ ನನ್ನ ಕೈಗೆ ಇನ್ನೊಂದು ಬಿಸ್ಕಿಟು ಕೊಟ್ಟರು.

ತಕರಾರು ಅರ್ಜಿ ಬರೆಯಬೇಕಿತ್ತು. ಬರೆಯಲು ಕೂತವರೆಲ್ಲ ತಮ್ಮ ಮನೆಯ ಸೋರಿಕೆಯನ್ನೇ ಮೊದಲು ಬರೆಯುತ್ತಿದ್ದರು, ಜಗಳವಾಗುತ್ತಿತ್ತು. "ತಮ್ಮ ಬರೀಲಿ" ಎಂದು ಅಕ್ಕ ತೀರ್ಪು ಕೊಟ್ಟರು. "ಅವಂದು ಇದರಾಗ ಏನೂ ಇಲ್ಲ."

ಬರೆದೆ. ಅಕ್ಕ ಹೇಳಿದ ಬೈಗುಳಗಳನ್ನೆಲ್ಲ ಸೋಸಿ, "ಮೂಲ ಅರ್ಜಿದಾರರಿಗೆ ವಸ್ತುಸ್ಥಿತಿಯ ಅರಿವಿದ್ದಂತಿಲ್ಲ" ಎಂದು ಮರಾಠಿಯಲ್ಲಿ ಹಾಕಿದೆ. ಓದಿಸಿ ಕೇಳಿದ ಅಕ್ಕನಿಗೆ ಸಮಾಧಾನವಾಗಲಿಲ್ಲ.

"ಅಂವಗ ಇಷ್ಟು ಮರ್ಯಾದಿ ಯಾಕ? ನಿನ್ನ ಬೀಗ ಏನು ಅಂವ?"

ಸೋಮವಾರ ರಜೆ ಹಾಕಿ, ಅಕ್ಕನನ್ನು ರಿಕ್ಷಾದಲ್ಲಿ ಕೂಡಿಸಿಕೊಂಡು ಪಾಲಿಕೆಗೆ ಹೋದೆ. ಗುಮಾಸ್ತರು ಅರ್ಜಿ ತಗೊಂಡು, ಫೈಲು ತೆಗೆದು, ಹಳೆಯ ಅರ್ಜಿಯ ಪಕ್ಕದಲ್ಲಿ ಇಟ್ಟರು. ಇದನ್ನೊಮ್ಮೆ ನೋಡಿದರು, ಅದನ್ನೊಮ್ಮೆ ನೋಡಿದರು. ನಕ್ಷೆ ಬರೆಯುವವನ ಅಕ್ಷರ ಅಚ್ಚಿನ ಹಾಗಿರುತ್ತದೆ, ಮುಚ್ಚಿಡುವುದು ಕಷ್ಟ. ಕನ್ನಡಕ ಹಣೆಗೇರಿಸಿ ನನ್ನನ್ನು ಕೇಳಿದರು:

"ಇದನ್ನು ಬರೆದವರು ನೀವಾ?"

"ಹೌದು."

"ಇದನ್ನೂ?"

"ಹೌದು."

"ಹಾಗಾದರೆ ಇದನ್ನು ಬರೆದ ನೀವು, ಅದನ್ನು ಬರೆದ ನೀವು, ಇಬ್ಬರೂ ಹೊರಗೆ ಹೋಗಿ ಮಾತಾಡಿ, ಒಂದು ತೀರ್ಮಾನಕ್ಕೆ ಬಂದು ಬನ್ನಿ."

ಅಕ್ಕ ನನ್ನತ್ತ ತಿರುಗಲಿಲ್ಲ. ಹಳೆಯ ಅರ್ಜಿಗೆ ಲಗತ್ತಿಸಿದ್ದ ನಕ್ಷೆಯನ್ನು ಕೇಳಿ ತಗೊಂಡು, ಅಲ್ಲಿದ್ದ ಬೆಂಚಿನ ಮೇಲೆ ಕೂತು, ಕಣ್ಣಿಗೆ ಹತ್ತಿರ ಹಿಡಿದು ನೋಡತೊಡಗಿದರು. ನಾನು ಗುಮಾಸ್ತರಿಂದ ಒಂದು ಕಾಗದ ಬೇಡಿ, ನನ್ನ ಮೊದಲ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ ಎಂದು ಬರೆದು ಸಹಿ ಮಾಡಿಕೊಟ್ಟೆ. ಬೆಂಚಿನ ಹತ್ತಿರ ಬಂದು ನಿಂತೆ.

"ತಪ್ಪಾತ್ರಿ ಅಕ್ಕಾರ. ವಾಪಸ್ ತಗೊಂಡೀನಿ."

ಅಕ್ಕ ತಲೆ ಎತ್ತಲಿಲ್ಲ. ಬೆರಳು ಕಾಗದದ ಮೇಲೆ ನಡೆಯುತ್ತಿತ್ತು. "ಇದು ಬಾವಿ. ಇದು ನನ್ನ ಖೋಲಿ. ಇವು ನಾಕು ತುಳಸಿ ಕುಂಡ, ಅವನ್ನೂ ಬಿಟ್ಟಿಲ್ಲ. ಖರೇನ ಭಾಳ ಚಂದ ಬರದೀ." ಬೆರಳು ಹಿತ್ತಲಿಗೆ ಬಂದು ನಿಂತಿತು. "ತಮ್ಮಾ, ಪಾಯಖಾನಿ ಎಲ್ಲಿ ಅವ?"

"ಬರದಿಲ್ರಿ."

"ಯಾಕ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಬರದ್ರ ನಕ್ಷಾ ಚಂದ ಕಾಣ್ತಿರಲಿಲ್ರಿ."

ಅಕ್ಕ ನಕ್ಷೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗಿಟ್ಟು, ನನ್ನದೇ ಭುಜ ಹಿಡಿದು ಎದ್ದು ನಿಂತರು.

"ಅಂದ್ರ ನಮ್ಮ ವಾಡೆ ಕೆಡವೋದು ನೀನ ಸುರು ಮಾಡಿದ್ದಿ. ಅದೂ ಇದ್ದ ಎರಡು ಪಾಯಖಾನಿಯಿಂದ!"