ಹೇಸರಗತ್ತೆಯೊಂದಿಗೆ ಹಿಂದಕ್ಕೆ ಬಂದದ್ದು

ನಗೆಗೇಡಿನ ಸಂಗತಿಗಳಿಗೆ ನನ್ನ ವಿಳಾಸ ಯಾರು ಕೊಡುತ್ತಾರೋ ತಿಳಿಯದು. ಹೊಸಪೇಟೆಯಲ್ಲಿದ್ದರೂ ಬರುತ್ತವೆ, ಸಮುದ್ರ ದಾಟಿ ಬಸ್ರಾದ ಆಚೆ ಹೋದರೂ ಹುಡುಕಿಕೊಂಡು ಬರುತ್ತವೆ.

ಹೋದ ಮಹಾಯುದ್ಧದ ಮಾತು. ಕಂಪ್ಲಿಯಿಂದ ಬೆಲ್ಲದ ಬಂಡಿ ಹೊಡೆಯುತ್ತಿದ್ದ ನನ್ನನ್ನು ದಂಡಿನವರು ಹೇಸರಗತ್ತೆ ಹೊಡೆಯಲು ಕರೆದೊಯ್ದರು. ನಾನು ಹೋದಮೇಲೆ ದಂಡು ಗೆಲ್ಲುತ್ತ ಮುಂದೆ ನಡೆಯಿತು. ಚಳಿಗಾಲದಲ್ಲಿ ಅದೇ ದಾರಿ ಹಿಡಿದು ಹಿಂದಕ್ಕೆ ಹೊರಟಿತು. ಎರಡನೆಯದಕ್ಕೆ ನಾನು ಕಾರಣನಲ್ಲ.

ದಿನಾ ಒಂದೇ ಕೆಲಸ. ಹೇರು, ನಡೆ, ಇಳಿಸು, ಕಂದಕ ತೋಡು; ಮರುದಿನ ಆ ಕಂದಕ ಬಿಟ್ಟು ಮತ್ತೆ ಹೇರು. ಹಿಂದೆ ತುರ್ಕರ ಫಿರಂಗಿ. ಆ ಗಡಿಬಿಡಿಯಲ್ಲಿ ನನ್ನ ಹೇಸರಗತ್ತೆಯ ಹಿಂಗಾಲು ಕುಂಟಾಯಿತು. ನಡೆಯದ ಪ್ರಾಣಿಗೆ ಗುಂಡು ಹಾಕಬೇಕೆಂದು ಹುಕುಂ ಇತ್ತು. ಇಷ್ಟು ದಿನ ನನ್ನ ಬೈಗುಳ ತಿಂದ ಪ್ರಾಣಿಯನ್ನು ಇನ್ನೊಬ್ಬರ ಗುಂಡಿಗೆ ಒಪ್ಪಿಸಲು ನನಗೆ ಮನಸ್ಸಾಗಲಿಲ್ಲ.

ಬಕೀಟಿನ ಗಾಜು

ಒಂದು ಬೆಳಿಗ್ಗೆ ಹೇಸರಗತ್ತೆಗೆ ನೀರು ಕುಡಿಸಲು ಹೋದ ನನ್ನ ಜೊತೆಗಾರ, ಸಂಡೂರಿನವ, ಕೂಗಿದ: "ಅಣ್ಣಾ, ಬಕೀಟಿನ ಮ್ಯಾಲ ಯಾರೋ ಗಾಜು ಮುಚ್ಯಾರ!"

ನೀರು ಹೆಪ್ಪುಗಟ್ಟುವುದನ್ನು ಅವನೂ ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ.

"ಮುಟ್ಟಬ್ಯಾಡಲೇ, ಸರ್ಕಾರಿ ಸಾಮಾನು! ಒಡೆದ್ರ ಚರ್ಮ ಸುಲೀತಾರ," ಎಂದು ನಾನೇ ಎತ್ತಿ, ಕಂಬಳಿಯಲ್ಲಿ ಸುತ್ತಿ, ಒಲೆಯ ಪಕ್ಕದಲ್ಲಿ ಜೋಪಾನವಾಗಿ ಇಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಗಾಜು ಮಾಯ. ನಮ್ಮ ತುಕಡಿಯ ಹವಾಲ್ದಾರರ ಮುಂದೆ ಹೋಗಿ ನಿಂತೆ.

"ಸರ್ಕಾರಿ ಗಾಜು ಕಳುವಾಗೈತ್ರಿ. ಕಳ್ಳ ಕಂಬಳಿ ಬಿಟ್ಟು ಗಾಜಷ್ಟ ಒಯ್ದಾನ. ಹೋಗೂಮುಂದ ಕಂಬಳಿ ಮ್ಯಾಲ ಉಚ್ಚಿ ಹೊಯ್ದು ಹೋಗ್ಯಾನ್ರಿ."

ಹವಾಲ್ದಾರರಾದರೂ ನಮ್ಮ ಬಳ್ಳಾರಿಯವರೇ. ಇಡೀ ತುಕಡಿಯ ಗಂಟುಮೂಟೆ ಬಿಚ್ಚಿಸಿ ಹುಡುಕಿಸಿದರು.

ಸಾಹೇಬನ ಮುಂದೆ ಕುಂಟಿದ್ದು

ಕುದುರೆ ಡಾಕ್ಟರ್ ಸಾಹೇಬ ದಿನಾ ದಾರಿಯ ಬದಿಗೆ ನಿಂತು ಕುಂಟುವ ಕಾಲುಗಳನ್ನು ಹುಡುಕುತ್ತಿದ್ದ. ನಾನೊಂದು ಉಪಾಯ ತೆಗೆದೆ. ಹೇಸರಗತ್ತೆಯ ಪಕ್ಕದಲ್ಲಿ, ಅದಕ್ಕಿಂತ ಜೋರಾಗಿ ನಾನೇ ಕುಂಟುತ್ತ ನಡೆದೆ. ಸಾಹೇಬನ ಕಣ್ಣು ನನ್ನ ಮೇಲೆಯೇ ಬಿತ್ತು. "ಠಹರೋ!" ಎಂದು ನಿಲ್ಲಿಸಿದ.

ಬಂದವನು ನನಗೆ ಬೆನ್ನು ಕೊಟ್ಟು ನಿಂತು, ನನ್ನ ಕಾಲನ್ನು ಹಿಂದಕ್ಕೆತ್ತಿ, ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡ. ಪಾಪ, ಕೈಗೆ ಬಂದ ರೂಢಿ. ಅಂಗಾಲನ್ನು ಎರಡು ಸಲ ಕುಟ್ಟಿ ನೋಡಿದ. ಅಷ್ಟರಲ್ಲಿ ಸಂಡೂರಿನವ ಹೇಸರಗತ್ತೆಯನ್ನು ಮುಂದೆ ದಾಟಿಸಿಬಿಟ್ಟ. ಸಾಹೇಬ ಹವಾಲ್ದಾರರಿಗೆ ಏನೋ ಹೇಳಿ ಹೋದ.

"ಏನಂದ್ರು?" ಎಂದೆ.

"ಗೊರಸು ಗಟ್ಟಿ ಐತಂತ. ಲಾಳ ಬದಲಿಸ್ಬೇಕಂತ."

ಹೊಳೆ ದಾಟಿದ್ದು

ಎರಡು ದಿನಕ್ಕೆ, ಕುಂಟುವುದು ನಾನಲ್ಲ ಹೇಸರಗತ್ತೆ ಎಂಬ ಗುಟ್ಟು ಸಾಹೇಬನಿಗೆ ರಟ್ಟಾಯಿತು. ಎದುರಿಗೆ ಹೊಳೆ, ಅದರ ಮೇಲೆ ದೋಣಿ ಜೋಡಿಸಿ ಕಟ್ಟಿದ ಸೇತುವೆ. ತುರ್ಕರು ದಾಟದಂತೆ ಮಧ್ಯಾಹ್ನ ನಮ್ಮವರೇ ಸೇತುವೆ ಬಿಚ್ಚುವವರಿದ್ದರು. "ಅಷ್ಟರೊಳಗೆ ನಿನ್ನ ಪ್ರಾಣಿ ಆಚೆ ದಡದಲ್ಲಿ ನೆಟ್ಟಗೆ ನಡೆಯಬೇಕು, ಇಲ್ಲದಿದ್ದರೆ ಗುಂಡು," ಎಂದು ಹೇಳಿ ಸಾಹೇಬ ಆಚೆಗೆ ಹೋದ. ಹೇಸರಗತ್ತೆ ಸೇತುವೆಯನ್ನು ಮೂಸಿ ನೋಡಿ, ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ಎಳೆದೆವು, ನೂಕಿದೆವು, ಆಗಲಿಲ್ಲ.

ದಡದಲ್ಲಿ ಆ ಊರಿನವರ ದೋಣಿಯೊಂದಿತ್ತು. ಥೇಟ್ ನಮ್ಮ ಹಂಪಿಯ ಹರಿಗೋಲು, ದುಂಡನೆಯ ಬುಟ್ಟಿ. ಬುಕ್ಕಸಾಗರದ ಕಡೆ ಎತ್ತುಗಳನ್ನು ಹರಿಗೋಲಿನ ಹಿಂದೆ ಹಗ್ಗ ಹಿಡಿದು ಈಜಿಸಿ ದಾಟಿಸುವುದಿಲ್ಲವೇ?

"ಸರೀರಿ ಎಲ್ರೂ! ನಾ ತುಂಗಭದ್ರಾ ದಂಡಿಯವ," ಎಂದೆ.

"ಅಣ್ಣಾ, ನೀ ಯಾವತ್ತರ ಹರಿಗೋಲು ನಡೆಸೀಯೇನು?" ಎಂದ ಸಂಡೂರಿನವ.

"ಒಳಗ ಕುಂತು ನೋಡೀನಿ. ಅಷ್ಟು ಸಾಕು."

ಅವನು ಸೇತುವೆಯ ಮೇಲೆ ನಡೆದು ಆಚೆ ಸೇರಿದ. ನಾನು ಹೇಸರಗತ್ತೆಯನ್ನು ನೀರಿಗಿಳಿಸಿ, ಅದರ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ದೋಣಿಯಲ್ಲಿ ಹೊರಟೆ. ನಡುಹೊಳೆಯಲ್ಲಿ ದೋಣಿ ಗಿರಗಿರ ತಿರುಗತೊಡಗಿತು. ಈ ದಡ, ಆ ದಡ, ಸಾಹೇಬ, ಮತ್ತೆ ಈ ದಡ. ಹೇಸರಗತ್ತೆ ಸ್ವಲ್ಪ ಹೊತ್ತು ನೋಡಿತು. ಬೇಸರವಾಯಿತೋ ಏನೋ, ನನ್ನನ್ನು ಹಿಂದೆ ಹಾಕಿ ತಾನೇ ಈಜಿ, ದೋಣಿ ಸಮೇತ ನನ್ನನ್ನು ಆಚೆ ದಡಕ್ಕೆ ಎಳೆದು ಹಾಕಿತು.

ತಣ್ಣೀರಿಗೆ ಅದರ ಕಾಲು ಜೋಮು ಹಿಡಿದು ನೋವು ತಿಳಿಯದಾಗಿರಬೇಕು. ಮೈ ಕೊಡವಿ ದಂಡೆಯ ಮೇಲೆ ಠೀವಿಯಿಂದ ನಾಲ್ಕು ಹೆಜ್ಜೆ ಇಟ್ಟಿತು. ನಾನು ಇಳಿದೆ. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಮೂರು, ಆಮೇಲೆ ಕೆಸರಿನಲ್ಲಿ ಅಂಗಾತ.

ಸಾಹೇಬ ಪಿಸ್ತೂಲು ಹಿಡಿದು ಹೇಸರಗತ್ತೆಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. ಹವಾಲ್ದಾರರು ಅವನ ಮಾತನ್ನು ನಮಗೆ ತಿಳಿಸಿದರು: "ಗುಂಡು ಹಾಕೋದು ಇವೆರಡರಾಗ ಯಾವುದಕ್ಕ ಅಂತ ಕೇಳ್ತಾರ."

ಸಂಡೂರಿನವ ಲಗುಬಗೆಯಿಂದ ಹೇಸರಗತ್ತೆಯ ಹಗ್ಗ ಬಿಡಿಸಿಕೊಂಡ.

"ಇದು ನಡೀತೈತ್ರಿ ಸಾಹೇಬ್ರ, ನಾ ಹೊಡ್ಕೊಂಡು ಹೊಕ್ಕೀನಿ," ಎಂದ. "ಅದನ್ನ ನೀವ ನೋಡ್ಕೋರಿ."